2011ರ ಅಂಕೆ ಹಳತಾದಾಗ ಊರಿನ ಜನಸಂಖ್ಯೆ ಅಂದಾಜಿಸುವುದು ಹೇಗೆ

2021ರ ಜನಗಣತಿ ಮುಂದಕ್ಕೆ ಹೋದ್ದರಿಂದ ಹಳ್ಳಿಯ ಮಟ್ಟದಲ್ಲಿ ಸಿಗುವುದು 2011ರ ಅಂಕೆಯೇ. ಹಳೆಯ ಬೆಳವಣಿಗೆ ದರವನ್ನು ಮುಂದಕ್ಕೆ ಎಳೆಯುವುದು ಸುಲಭ. ಊರಿನ ಜನ 2001ರಲ್ಲಿ 1,650, 2011ರಲ್ಲಿ 1,980 ಇದ್ದರೆ ಹತ್ತು ವರ್ಷಕ್ಕೆ 1.2 ಪಟ್ಟು. ಹದಿನೈದು ವರ್ಷಕ್ಕೆ 1.2ರ ಒಂದೂವರೆ ಘಾತ, ಅಂದರೆ 1.315 ಪಟ್ಟು: ಸುಮಾರು 2,600. ಈ ಲೆಕ್ಕವನ್ನು ನಂಬಬೇಡಿ. ಆ ದಶಕದಲ್ಲಿ ರಾಜ್ಯ ಶೇ 15.6ರಷ್ಟು ಬೆಳೆದರೂ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ತುಸು ಇಳಿದಿತ್ತು. ದುಡಿಯುವ ವಯಸ್ಸಿನವರು ಊರು ಬಿಟ್ಟದ್ದು ಸೂತ್ರಕ್ಕೆ ಗೊತ್ತಾಗುವುದಿಲ್ಲ.

ಮನೆಗಳಿಂದ ಶುರುಮಾಡಿ. ಉಪಗ್ರಹ ಚಿತ್ರದಲ್ಲಿ ಸೂರು ಎಣಿಸಿದರೆ ಕೊಟ್ಟಿಗೆ, ಗೋದಾಮು, ಶಾಲೆಯೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಓಣಿ ಓಣಿ ನಡೆದು ವಾಸದ ಮನೆಗಳಿಗಷ್ಟೇ ಸಂಖ್ಯೆ ಹಾಕಿ. ತೋಟದ ಮನೆ, ಲೈನ್ ಮನೆ, ಶೆಡ್ಡುಗಳನ್ನು ಬಿಡಬೇಡಿ. ವಿದ್ಯುತ್ ಮೀಟರನ್ನಾಗಲಿ ಪಡಿತರ ಚೀಟಿಯನ್ನಾಗಲಿ ಮನೆ ಎಂದು ಎಣಿಸಬಾರದು. ಒಂದೇ ಸೂರಿನಡಿ ಎರಡೆರಡು ಇರುತ್ತವೆ.

540 ಮನೆ ಸಿಕ್ಕಿತೆನ್ನಿ. ಚೀಟಿ ಎತ್ತಿ 1ರಿಂದ 9ರೊಳಗೆ ಒಂದು ಸಂಖ್ಯೆ ಆರಿಸಿ, ಅಲ್ಲಿಂದ ಪ್ರತಿ ಒಂಬತ್ತನೆಯ ಮನೆಗೆ ಹೋಗಿ: 60 ಮನೆ. ವರ್ಷದಲ್ಲಿ ಆರು ತಿಂಗಳಾದರೂ ಇಲ್ಲೇ ಇರುವವರನ್ನು ಮಾತ್ರ ಬರೆದುಕೊಳ್ಳಿ. ಬೀಗ ಕಂಡರೆ ಪಕ್ಕದ ಮನೆಗೆ ಹಾರಬೇಡಿ, ಸಂಜೆ ಮತ್ತೆ ಹೋಗಿ. ಕೂಲಿಗೆ ಹೋದವರೋ, ಊರೇ ಬಿಟ್ಟವರೋ ನೆರೆಯವರನ್ನು ಕೇಳಿ. ಬಿಟ್ಟಿದ್ದರೆ ಸೊನ್ನೆ ಬರೆಯಿರಿ. ಬಹುತೇಕ ತಪ್ಪು ಆಗುವುದು ಇಲ್ಲೇ: ಬೀಗದ ಮನೆಗಳನ್ನು ಕೈಬಿಟ್ಟು ಸರಾಸರಿ ತೆಗೆದರೆ ಖಾಲಿ ಮನೆಗಳಲ್ಲೂ ಜನ ಹುಟ್ಟಿಕೊಳ್ಳುತ್ತಾರೆ.

60 ಮನೆಗಳಲ್ಲಿ 224 ಜನ ಸಿಕ್ಕರೆ, 540 × 224 ÷ 60 = 2,016. ಮನೆಯಿಂದ ಮನೆಗೆ ಅಂಕೆಯ ಪ್ರಮಾಣ ವಿಚಲನೆ (ಮನೆಗಳ ಅಂಕೆ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) 2.3ರ ಹತ್ತಿರ ಇದ್ದರೆ ಉತ್ತರ ಸುಮಾರು 300 ಆಚೀಚೆ ಆಗಬಹುದು. ಹಾಗಾಗಿ ವರದಿಯಲ್ಲಿ ‘1,700ರಿಂದ 2,300’ ಎಂದೇ ಬರೆಯಿರಿ.

ತಾಳೆಗೆ ಮತದಾರರ ಪಟ್ಟಿ ಒಳ್ಳೆಯದು, ಆದರೆ ಬೆಂಗಳೂರಿಗೆ ಹೋದವರ ಹೆಸರೂ ಅಲ್ಲೇ ಉಳಿದಿರುತ್ತದೆ. ಅದೇ 60 ಮನೆಗಳ ಹೆಸರು ಪಟ್ಟಿಯಲ್ಲಿ ಎಷ್ಟಿವೆ ನೋಡಿ, ಬೀಗದ ಮನೆಯವರದ್ದೂ ಸೇರಿಸಿ. 176 ಇದ್ದು ಊರಿನ ಪಟ್ಟಿಯಲ್ಲಿ ಒಟ್ಟು 1,600 ಇದ್ದರೆ, 1,600 × 224 ÷ 176 = 2,036. ಎರಡೂ ಹತ್ತಿರ ಬಂದವು. ದೂರ ಬಂದರೆ ಯಾವುದೋ ಕೇರಿ ಎಣಿಕೆಯಿಂದ ತಪ್ಪಿದೆಯೇ ನೋಡಿ. ಆಶಾ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆ ವಹಿಯಲ್ಲಿ ಅದು ಬೇಗ ಸಿಗುತ್ತದೆ.

ತಲೆಗೆ ದಿನಕ್ಕೆ 55 ಲೀಟರ್ ನೀರಿನ ಲೆಕ್ಕದಲ್ಲಿ, ಹಳೆಯ ದರ ಕೊಟ್ಟ 2,600ಕ್ಕೂ ಮನೆ ಎಣಿಕೆ ಕೊಟ್ಟ 2,016ಕ್ಕೂ ನಡುವಿನ ಅಂತರ ದಿನಕ್ಕೆ 32,000 ಲೀಟರ್.