ಆಗಸ್ಟ್ 4ರ ಕಿಶೋರ್ ಸಂಜೆ: ಮುಂಬಯಿಯ ಸಭಾಂಗಣದಲ್ಲಿ ಮಾಡುವ ಬಗೆ

ಕಿಶೋರ್ ಕುಮಾರ್ ಹುಟ್ಟಿದ್ದು 1929ರ ಆಗಸ್ಟ್ 4ರಂದು, ಮಧ್ಯಪ್ರದೇಶದ ಖಂಡವಾದಲ್ಲಿ. ಮುಂಬಯಿಯಲ್ಲಿ ಅದು ಮಳೆಗಾಲದ ನಟ್ಟನಡುವಿನ ದಿನ. ಹಾಗಾಗಿ ಅಂದು ಅವರ ಹಾಡುಗಳ ಸಂಜೆ ಮಾಡುವವರು ಹಾಡಿನ ಪಟ್ಟಿಗೆ ಕೈ ಹಾಕುವ ಮೊದಲು ಸಮುದ್ರದ ಉಬ್ಬರದ ಪಟ್ಟಿ ನೋಡಿ. 4.5 ಮೀಟರ್ ಮೀರುವ ಉಬ್ಬರದ ದಿನ, ಹೊತ್ತುಗಳನ್ನು ಮಹಾನಗರಪಾಲಿಕೆ ಪ್ರತಿ ಮಳೆಗಾಲಕ್ಕೂ ಪ್ರಕಟಿಸುತ್ತದೆ. ಆ ಹೊತ್ತಿಗೇ ಜೋರು ಮಳೆ ಹೊಡೆದರೆ ಚರಂಡಿಯ ನೀರು ಕಡಲಿಗಿಳಿಯದೆ ರಸ್ತೆಯಲ್ಲೇ ನಿಲ್ಲುತ್ತದೆ. ಕಿಂಗ್ಸ್ ಸರ್ಕಲ್, ಸಯನ್, ಹಿಂದಮಾತಾ ತುಂಬುವುದು ಹಾಗೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ ಕಡೆಯ ಸಭಾಂಗಣ ಹಿಡಿಯುವವರು ಇದನ್ನು ಮರೆಯಬಾರದು. ಸಂಜೆ 5ರಿಂದ 7ರೊಳಗೆ ದೊಡ್ಡ ಉಬ್ಬರವಿದ್ದರೆ ಒಂದು ವಾರ ಹಿಂದೆ ಮುಂದೆ ಮಾಡಿ.

4ನೇ ತಾರೀಕು ವಾರದ ನಡುವೆ ಬಂದರೆ ಎಲ್ಲರೂ ಹತ್ತಿರದ ಭಾನುವಾರವನ್ನೇ ಹಿಡಿಯುತ್ತಾರೆ. ಸಂಜೆಯ ಕಾರ್ಯಕ್ರಮಕ್ಕೆ ಭಾನುವಾರ ಒಳ್ಳೆಯದೇ, ಆದರೆ ಮಧ್ಯಾಹ್ನದ ತಾಲೀಮಿಗೆ ಕೆಟ್ಟದ್ದು. ಸೆಂಟ್ರಲ್ ಮತ್ತು ಹಾರ್ಬರ್ ರೈಲು ಮಾರ್ಗಗಳಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ರೈಲು ಕಡಿತ, ಸಾಮಾನ್ಯವಾಗಿ ಬೆಳಗ್ಗೆ 11ರ ಆಸುಪಾಸಿನಿಂದ ಸಂಜೆ 4ರವರೆಗೆ ಇರುತ್ತದೆ. ಡೊಂಬಿವಲಿಯ ಗಾಯಕಿ, ವಾಶಿಯ ತಬಲಾದವರು 3ಕ್ಕೆ ಬರುತ್ತೇನೆಂದು ಹೇಳಿ 4.45ಕ್ಕೆ ಬರುತ್ತಾರೆ, ಧ್ವನಿ ಪರೀಕ್ಷೆ ಹಾಳಾಗುತ್ತದೆ. ತಾಲೀಮನ್ನು ಶನಿವಾರ ಸಂಜೆಯೇ ಮುಗಿಸಿ. ಭಾನುವಾರಕ್ಕೆ ಮೈಕಿನ ಪರೀಕ್ಷೆ ಮಾತ್ರ ಉಳಿಯಲಿ.

ಲೆಕ್ಕ ಹೀಗೆ: ಒಂದು ಹಾಡಿಗೆ ನಾಲ್ಕೂವರೆ ನಿಮಿಷ, ನಿರೂಪಣೆಗೆ 45 ಸೆಕೆಂಡು, ಮೈಕು ಬದಲಾಯಿಸಲು 30 ಸೆಕೆಂಡು. 18 ಹಾಡಿಗೆ ಸುಮಾರು 1 ಗಂಟೆ 45 ನಿಮಿಷ. ದೀಪ ಬೆಳಗಿಸಿ ಗೌರವಿಸಲು 10, ಕಾಫಿ ವಿರಾಮಕ್ಕೆ 15. ಆರೂವರೆಗೆ ಶುರುವಾದರೆ 8.40ಕ್ಕೆ ಮುಗಿಯುತ್ತದೆ. 24 ಹಾಡು ಮಾಡಿದರೆ 9.15ರ ಹತ್ತಿರವಾಗುತ್ತದೆ, 8.45ರಿಂದಲೇ ಜನ ಛತ್ರಿ ಹುಡುಕತೊಡಗುತ್ತಾರೆ. ಸನ್ಮಾನಗಳ ಪಟ್ಟಿ ಬೆಳೆಯದಂತೆ ಅಧ್ಯಕ್ಷರಿಗೆ ಮೊದಲೇ ಹೇಳಿಬಿಡಿ. ಶಾಲು, ಹಾರ, ಎರಡು ಮಾತು ಎಂದರೆ ತಲೆಗೆ ನಾಲ್ಕು ನಿಮಿಷ ಹೋಯಿತು.

ಹಾಡಿನ ಆಯ್ಕೆಯನ್ನು ಗಾಯಕರಿಗೇ ಬಿಟ್ಟರೆ 18ರಲ್ಲಿ 11 ವಿರಹದ ಹಾಡು ಬರುತ್ತವೆ, ನಂಬಿ. ನಿಧಾನದ ಹಾಡು ಹಾಡುವುದು ಸುಲಭವೆಂಬ ಭ್ರಮೆ ಅದಕ್ಕೆ ಕಾರಣ. ಕಿಶೋರ್ ಅರ್ಧ ಗಾಯಕ, ಅರ್ಧ ವಿನೋದಗಾರ. ಕುಣಿತ, ಕೀಟಲೆ, ದನಿ ಥಟ್ಟನೆ ಮೇಲಕ್ಕೆ ಹಾರುವ ಯೋಡ್ಲಿಂಗ್ ಬಿಟ್ಟರೆ ಅದು ಅವರ ಹುಟ್ಟುಹಬ್ಬವೇ ಅಲ್ಲ. ವಿರಹ ನಾಲ್ಕಕ್ಕೆ ನಿಲ್ಲಲಿ, ಎರಡು ಅಕ್ಕಪಕ್ಕ ಬರದಿರಲಿ. ಮೊದಲ ಹಾಡು ಮಧ್ಯಮ ವೇಗದ್ದು, ಎಲ್ಲರಿಗೂ ಗೊತ್ತಿರುವುದು. ಆ ಹೊತ್ತಿಗೆ ಗಂಟಲೂ ಬಿಸಿಯಾಗಿರುವುದಿಲ್ಲ, ಸೌಂಡಿನವರ ಕೈಯೂ ಕೂತಿರುವುದಿಲ್ಲ. ಮಳೆಗೊಂದು ಹಾಡು ಬೇಕೆಂದರೆ 1958ರ ‘ಚಲ್ತೀ ಕಾ ನಾಮ್ ಗಾಡೀ’ಯ ‘ಏಕ್ ಲಡ್ಕೀ ಭೀಗೀ ಭಾಗೀ ಸೀ’ ಇದೆ. ನೆನೆದು ಬಂದು ಕೂತವರು ನಗುತ್ತಾರೆ. ‘ಪಡೋಸನ್’ನ ‘ಏಕ್ ಚತುರ್ ನಾರ್’ ಹಾಡುತ್ತೇವೆಂದು ಪ್ರತಿಯೊಂದು ತಂಡದಲ್ಲೂ ಇಬ್ಬರು ಮುಂದೆ ಬರುತ್ತಾರೆ. ಮನ್ನಾ ಡೇ ಪಾಲನ್ನು ಸ್ವರ ಸಮೇತ ಹಾಡಬಲ್ಲವರು ಸಿಕ್ಕಿ, ನಾಲ್ಕು ತಾಲೀಮು ಸಾಧ್ಯವಾದರೆ ಮಾತ್ರ ಒಪ್ಪಿ.

ಕನ್ನಡದ ಹಾಡು ತಪ್ಪಿಸಬೇಡಿ. 1972ರ ‘ಕುಳ್ಳ ಏಜೆಂಟ್ 000’ಗಾಗಿ ರಾಜನ್-ನಾಗೇಂದ್ರ ಸಂಗೀತದಲ್ಲಿ ಕಿಶೋರ್ ಹಾಡಿದ ‘ಆಡು ಆಟ ಆಡು’. ಅದನ್ನು ಕೊನೆಗೆ ಇಡುವುದು ರೂಢಿ. ಆದರೆ ಕೊನೆಗೆ ಅರ್ಧ ಸಭೆ ರೈಲಿನ ಯೋಚನೆಯಲ್ಲಿರುತ್ತದೆ. ವಿರಾಮದ ನಂತರದ ಎರಡನೇ ಹಾಡಾಗಿ ಇಡಿ. ಕಾಫಿ ಲೋಟ ಇಟ್ಟು ಎಲ್ಲರೂ ಒಳಗೆ ಬಂದಿರುತ್ತಾರೆ, ಚಪ್ಪಾಳೆಗೆ ಎರಡೂ ಕೈ ಖಾಲಿ ಇರುತ್ತವೆ.

ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರೇ ಹೆಚ್ಚು. ಅಲ್ಲೇ ಉಚ್ಚಾರದ ಗುಂಡಿಗಳು. ಜ಼, ಫ಼ ಬರುವಲ್ಲೆಲ್ಲ ಚುಕ್ಕೆ ಇಟ್ಟು ಬರೆಯಿರಿ: ‘ಜ಼ಿಂದಗೀ’, ‘ಸಫ಼ರ್’. ಇಲ್ಲದಿದ್ದರೆ ವೇದಿಕೆಯ ಗಡಿಬಿಡಿಯಲ್ಲಿ ‘ಜಿಂದಗಿ’ ಎಂದೇ ಬಾಯಿಗೆ ಬರುತ್ತದೆ. ‘ಮೈಂ’ ಎಂದು ಬರೆದರೆ ನಮ್ಮ ಕಣ್ಣು ಸೊನ್ನೆಯನ್ನು ‘ಮ್’ ಎಂದು ಓದುತ್ತದೆ, ತುಟಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಬೇಕಿರುವುದು ಮೂಗಿನ ದನಿ ಮಾತ್ರ, ತುಟಿ ತೆರೆದೇ ಇರಬೇಕು. ಅಂಥ ಸೊನ್ನೆಗಳ ಮೇಲೆ ಕೆಂಪು ಶಾಯಿಯಲ್ಲಿ ಅರ್ಧಚಂದ್ರ ಹಾಕಿ. ‘ಕಹನಾ’, ‘ರಹತೇ’ ಎಂದು ಬರೆಯದೆ ಕಿವಿಗೆ ಕೇಳುವಂತೆ ‘ಕೆಹ್ನಾ’, ‘ರೆಹ್ತೇ’ ಎನ್ನಿ. ಪದದ ಕೊನೆಯ ವ್ಯಂಜನಕ್ಕೆ ಉಕಾರ ಅಂಟಿಸುವ ನಮ್ಮ ಹುಟ್ಟುಚಾಳಿ, ಅಂದರೆ ‘ದಿಲ್’ ಹೋಗಿ ‘ದಿಲ್ಲು’ ಆಗುವುದು, ತಾಲೀಮನ್ನು ಧ್ವನಿಮುದ್ರಿಸಿ ಕೇಳಿದಾಗಲೇ ತಿಳಿಯುತ್ತದೆ.

ಯೋಡ್ಲಿಂಗ್‌ಗೆ ಮೂರು ವಾರ ಬೇಕು. ಎದೆಯ ದನಿಯಿಂದ ತೆಳುವಾದ ಮೇಲುದನಿಗೆ ಥಟ್ಟನೆ ಹಾರುವುದು, ಹಾರಿದ್ದು ಕೇಳಿಸುವುದು, ಇಷ್ಟೇ ಅದರ ಗುಟ್ಟು. ಶಾಸ್ತ್ರೀಯ ಸಂಗೀತ ಕಲಿತವರಿಗೆ ಇದೇ ಕಷ್ಟ. ಎರಡು ದನಿಗಳ ನಡುವಿನ ಬಿರುಕನ್ನು ನಯಗೊಳಿಸಿ ಅಭ್ಯಾಸವಾದವರು ಇಲ್ಲೂ ಜಾರುಗಮಕ ಹಾಕಿಬಿಡುತ್ತಾರೆ, ಆಗ ಕೇಳುವುದು ಬರೀ ಆಲಾಪ. ಕೆಳಗಿನ ಷಡ್ಜದಲ್ಲಿ ‘ಓ’ ಹಿಡಿದು, ಉಸಿರು ನಿಲ್ಲಿಸದೆ ಪಂಚಮದಲ್ಲಿ ‘ಈ’ಗೆ ಹಾರಿ. ಮೇಲೆ ಹೋದಾಗ ದನಿಯನ್ನು ತಳ್ಳಬೇಡಿ, ಸಣ್ಣದಾಗಲು ಬಿಡಿ. ದಿನಕ್ಕೆ 10 ನಿಮಿಷ ಸಾಕು. ಅರ್ಧ ಗಂಟೆ ಮಾಡಿದರೆ ಮರುದಿನ ಗಂಟಲು ಹಿಡಿಯುತ್ತದೆ. 1971ರ ‘ಅಂದಾಜ಼್’ನ ‘ಜ಼ಿಂದಗೀ ಏಕ್ ಸಫ಼ರ್’ ಕಲಿಯಲು ಒಳ್ಳೆಯದು. ‘ಝುಮ್ರೂ’ ಶೀರ್ಷಿಕೆ ಗೀತೆ ಅದರ ನಂತರದ ಮೆಟ್ಟಿಲು.

ಕರೋಕೆ ಟ್ರ್ಯಾಕಿನ, ಅಂದರೆ ಗಾಯನವಿಲ್ಲದ ಹಿನ್ನೆಲೆ ಸಂಗೀತದ, ಶ್ರುತಿಯನ್ನು ಹಾರ್ಮೋನಿಯಂನ ಎರಡು ಮನೆಯಷ್ಟು, ಅಂದರೆ ಒಂದು ಪೂರ್ಣ ಸ್ವರದಷ್ಟು, ಏರಿಳಿಸಬಹುದು. ಅದಕ್ಕಿಂತ ಹೆಚ್ಚಿಳಿಸಿದರೆ ಗಿಟಾರು ಒದ್ದೆ ಹಗ್ಗದಂತೆ ಕೇಳುತ್ತದೆ. ಅಷ್ಟು ಇಳಿಸಬೇಕಾದ ಹಾಡು ಆ ಗಾಯಕರಿಗೆ ಹೊಂದುವುದಿಲ್ಲ ಎಂದೇ ಅರ್ಥ. ಒಂದೇ ಹಾಡಿಗೆ ಮಾರುಕಟ್ಟೆಯಲ್ಲಿ ಮೂರು ನಾಲ್ಕು ಬಗೆಯ ಟ್ರ್ಯಾಕ್ ಇರುತ್ತವೆ, ಒಂದರಲ್ಲಿ ಎರಡನೇ ಅಂತರಾವೇ (ಚರಣವೇ) ಇರುವುದಿಲ್ಲ. ತಾಲೀಮು ಮಾಡಿದ ಅದೇ ಕಡತವನ್ನು 01, 02 ಎಂದು ಹೆಸರಿಟ್ಟು ಲ್ಯಾಪ್‌ಟಾಪಿನಲ್ಲೂ ಪೆನ್‌ಡ್ರೈವಿನಲ್ಲೂ ಹಾಕಿಡಿ. ಯೂಟ್ಯೂಬಿನಿಂದ ನೇರ ನುಡಿಸಿದರೆ ಮುಖಡಾದ (ಪಲ್ಲವಿಯ) ನಡುವೆ ಪ್ರೆಶರ್ ಕುಕ್ಕರಿನ ಜಾಹೀರಾತು ಬರುತ್ತದೆ.

ಬ್ಲೂಟೂತ್ ಬೇಡವೇ ಬೇಡ. ಅದರಲ್ಲಿ ಶಬ್ದ ಸೆಕೆಂಡಿನ ಐದಾರನೇ ಒಂದು ಪಾಲು ತಡವಾಗಿ ಬರಬಹುದು. ಪರದೆಯ ಅಕ್ಷರ ನೋಡಿ ಹಾಡುವವರು ತಾಳಕ್ಕಿಂತ ಮುಂದೆ ಓಡುತ್ತಾರೆ. ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ತಂತಿಯೇ ಇರಲಿ. ಗುಂಯ್‌ಗುಟ್ಟಿದರೆ ಚಾರ್ಜರ್ ತೆಗೆದು ನೋಡಿ, ಹೋದರೆ ತೊಂದರೆ ಅರ್ಥಿಂಗಿನದು. ನಡುವೆ ಆ ಗುಂಯ್ ತಡೆಯುವ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಹಾಕಿದರೆ ಸರಿಹೋಗುತ್ತದೆ. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ಸಣ್ಣ ಯುಪಿಎಸ್ ಇರಲಿ, ಮಳೆಗೆ ಕರೆಂಟು ಒಂದು ಕ್ಷಣ ಮಿಟುಕಿದರೂ ಹಾಡು ನಡುವೆಯೇ ನಿಲ್ಲಬಹುದು.

ಶೂರ್ ಎಸ್‌ಎಂ58 ಬಗೆಯ ಮೈಕು ತುಟಿಯಿಂದ ಎರಡು ಬೆರಳು ದೂರವಿದ್ದರೆ ಕಿಶೋರ್ ದನಿಯ ಆ ತುಂಬು ಕೆಳದನಿ ಸಿಗುತ್ತದೆ, ಹತ್ತಿರ ಹೋದಷ್ಟೂ ತಗ್ಗು ಸ್ವರಗಳು ಉಬ್ಬುವುದು ಆ ಮೈಕಿನ ಗುಣ. ಯೋಡ್ಲಿಂಗ್ ಬಂದಾಗ ಒಂದು ಗೇಣು ದೂರ ಒಯ್ಯಿರಿ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವವರಿಂದಲೇ ಸ್ಪೀಕರಿನ ಹೆಚ್ಚಿನ ಕಿರುಚಾಟ ಹುಟ್ಟುವುದು. ಮಾನಿಟರ್, ಅಂದರೆ ಗಾಯಕರ ಕಡೆ ಮುಖ ಮಾಡಿದ ಸ್ಪೀಕರ್, ಮೈಕಿನ ಬೆನ್ನಿಗೆ ನೇರವಾಗಿರಲಿ. ಎಕೋವನ್ನು ಸೌಂಡಿನವರು ತುಂಬ ಪ್ರೀತಿಯಿಂದ ಹಾಕುತ್ತಾರೆ. ಕಾಂಕ್ರೀಟು ಸಭಾಂಗಣದಲ್ಲಿ ಅವರು ಹಾಕಿದ್ದರ ಅರ್ಧ ಸಾಕು, ನಿರೂಪಕರ ಮೈಕಿಗೆ ಪೂರ್ತಿ ಬೇಡ.

ವಿರಾಮದ ಮುಂಚಿನ ಹಾಡಿಗೆ ಒಂದು ಸಲಹೆ: 1962ರ ‘ಹಾಫ್ ಟಿಕೆಟ್’ನ ‘ಆಕೇ ಸೀಧೀ ಲಗೀ’. ಸಲಿಲ್ ಚೌಧರಿ ಸಂಗೀತದ ಈ ಹಾಡಿನಲ್ಲಿ ಗಂಡಿನ ದನಿ, ಹೆಣ್ಣಿನ ದನಿ ಎರಡೂ ಕಿಶೋರ್ ಅವರದೇ. ಇದಕ್ಕೆ ಇಬ್ಬರನ್ನು ನಿಲ್ಲಿಸಿದರೆ ಹಾಡಿನ ಜೀವವೇ ಹೋಯಿತು. ಒಬ್ಬರೇ ಹಾಡಲಿ. ಮೂರಡಿ ಅಂತರದಲ್ಲಿ ಎರಡು ಮೈಕ್ ಸ್ಟ್ಯಾಂಡ್ ಇಟ್ಟು, ಎಡಗಡೆಯದನ್ನು ಹೆಣ್ಣಿನ ದನಿಗೆ ಕೊಟ್ಟು, ಅದರಲ್ಲಿ ತಗ್ಗು ಸ್ವರ ಇಳಿಸಿ. ಸಾಹಿತ್ಯದ ಹಾಳೆಯಲ್ಲಿ ಎರಡು ಬಣ್ಣ. ಒಂದು ಹೆಜ್ಜೆ ಸರಿಯುವಷ್ಟರಲ್ಲಿ ಉಸಿರು ತೆಗೆದುಕೊಳ್ಳುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ಸೆರಗು, ವಿಗ್ ಬೇಡ. ದನಿಯಲ್ಲೇ ನಗೆಯಿದೆ.

ನಿರೂಪಣೆ ಕನ್ನಡದಲ್ಲಿ, ಹಾಡಿಗೊಂದೇ ಸಂಗತಿ. ಹುಟ್ಟುಹೆಸರು ಆಭಾಸ್ ಕುಮಾರ್ ಗಂಗೂಲಿ. ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ‘ರೂಪ್ ತೇರಾ ಮಸ್ತಾನಾ’ಕ್ಕೆ, ಒಟ್ಟು ಎಂಟು. ‘ಕೋಯೀ ಹಮ್‌ದಮ್ ನ ರಹಾ’ವನ್ನು 1936ರ ‘ಜೀವನ್ ನೈಯಾ’ದಲ್ಲಿ ಅಣ್ಣ ಅಶೋಕ್ ಕುಮಾರ್ ಹಾಡಿದ್ದರು, 1961ರ ‘ಝುಮ್ರೂ’ನಲ್ಲಿ ತಮ್ಮ ಮತ್ತೆ ಹಾಡಿದರು. ಅಣ್ಣನ ಹುಟ್ಟುಹಬ್ಬದ ದಿನವಾದ ಅಕ್ಟೋಬರ್ 13ರಂದೇ 1987ರಲ್ಲಿ ತಮ್ಮ ತೀರಿಕೊಂಡರು. ಇದನ್ನು ಹೇಳುವುದಾದರೆ ಈ ಹಾಡಿನ ಮುಂಚೆ ಹೇಳಿ, ದೀಪ ಬೆಳಗಿಸುವಾಗ ಬೇಡ.

ಸಾರ್ವಜನಿಕ ಕಾರ್ಯಕ್ರಮವಾದರೆ ಸಾಹಿತ್ಯ, ಸಂಗೀತದ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿಯನ್ನು ಮುಂಚೆಯೇ ತೆಗೆದುಕೊಳ್ಳಿ. ಮೂಲ ಧ್ವನಿಮುದ್ರಣ ನುಡಿಸುವುದಿದ್ದರೆ ಅದರ ಹಕ್ಕು ಬೇರೆ, ಸಿನಿಮಾ ತುಣುಕು ತೋರಿಸಲು ಇನ್ನೂ ಬೇರೆ. ಫೇಸ್‌ಬುಕ್ ನೇರಪ್ರಸಾರದಲ್ಲಿ ಇದೇ ಹಕ್ಕಿನ ಕಾರಣಕ್ಕೆ ದನಿ ನಡುವೆಯೇ ನಿಂತುಹೋಗಬಹುದು.

ಕೇಕಿನ ಬದಲು ಹಾಲು-ಜಲೇಬಿ. ಖಂಡವಾದ ಸಮಾಧಿಯಲ್ಲಿ ಅಭಿಮಾನಿಗಳು ಹುಟ್ಟುಹಬ್ಬದಂದು ಇಡುವುದೂ ಅದನ್ನೇ, ಕಿಶೋರ್‌ಗೆ ಅಷ್ಟು ಇಷ್ಟ. 150 ಜನಕ್ಕೆ ತಲೆಗೆರಡರಂತೆ 8ರಿಂದ 9 ಕಿಲೋ ಜಲೇಬಿ, 15 ಲೀಟರ್ ಹಾಲು, ಮೇಲೆ 2 ಲೀಟರ್ ಹೆಚ್ಚುವರಿ. ಬಿಸಿ ಜಲೇಬಿಯನ್ನು ಡಬ್ಬದಲ್ಲಿ ಮುಚ್ಚಿ ತಂದರೆ ಹಬೆಗೆ ಮೆತ್ತಗಾಗಿ ಚರ್ಮದಂತಾಗುತ್ತದೆ. ಅಗಲ ತಟ್ಟೆಯಲ್ಲಿ ಆರಿಸಿ, ಮೇಲೆ ಕಾಗದ ಮಾತ್ರ ಹೊದಿಸಿ. ಹಾಲು ಬಿಸಿಯಿರಲಿ, ಕುದಿಯುತ್ತಿರಬಾರದು. ಕೊನೆಯ ಹಾಡಿನ ಎರಡನೇ ಅಂತರಾ ಶುರುವಾದಾಗ ಹಾಲು ಸುರಿಯಲು ಅಡುಗೆಯವರಿಗೆ ಸನ್ನೆ ಮಾಡಿ. ಚಪ್ಪಾಳೆ ಮುಗಿಸಿ ಜನ ಬಾಗಿಲಿಗೆ ಬರುವಷ್ಟರಲ್ಲಿ ಜಲೇಬಿ ಅಂಚಿನಲ್ಲಿ ಮೆತ್ತಗಾಗಿ, ಒಳಗೆ ಗರಿಗರಿ ಉಳಿದಿರುತ್ತದೆ.