ಒಂದೇ ಮನೇಲಿ ಕೇಬಲ್ಲು, ಫೈಬರ್ರು ಎರಡೂ ಇಟ್ಕೊಂಡು ಅಳೆದಾಗ

ನಮ್ಮನೆ ಇರೋದು ಬೆಂಗಳೂರಿನ ಹಳೇ ಬಡಾವಣೆಲಿ, ರಾಜಾಜಿನಗರದ ಕಡೆ. ಕೇಬಲ್ ಟಿವಿಯವರ ಕಪ್ಪು ವೈರು ಇಲ್ಲಿ ಎಷ್ಟೋ ವರ್ಷದಿಂದ ತಾರಸಿಯಿಂದ ತಾರಸಿಗೆ ಓಡಾಡ್ತಾ ಇದೆ, ಇಂಟರ್ನೆಟ್ಟೂ ಅದ್ರಲ್ಲೇ ಬರ್ತಿತ್ತು. ಆಮೇಲೆ ನಮ್ಮ ರಸ್ತೆಗೂ ಫೈಬರ್ ಎಳೆದ್ರು. ಎರಡೂ ಕಡೆ ಪ್ಲಾನ್ 100 ಎಂಬಿಪಿಎಸ್, ರೇಟೂ ಹೆಚ್ಚು ಕಮ್ಮಿ ಒಂದೇ, ಹಂಗಾದ್ರೆ ಬದಲಾಯಿಸಿ ಏನು ಲಾಭ ಅಂತ ಯಾರನ್ನ ಕೇಳಿದ್ರೂ "ಫೈಬರ್ರೇ ಫಾಸ್ಟು ಗುರು" ಅಂತಾರೇ ಹೊರತು ಎಷ್ಟು ಫಾಸ್ಟು, ಯಾವುದ್ರಲ್ಲಿ ಫಾಸ್ಟು ಅಂತ ಒಬ್ಬರೂ ಹೇಳಲ್ಲ. ಕೇಬಲ್‌ಗೆ ವರ್ಷದ ದುಡ್ಡು ಮೊದಲೇ ಕಟ್ಟಿದ್ದೆ, ಇನ್ನೂ ಕೆಲವು ತಿಂಗಳು ಬಾಕಿ ಇತ್ತು, ಸರಿ ಅಂತ ಫೈಬರ್ರೂ ಹಾಕಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯೋಕೆ ಶುರು ಮಾಡ್ದೆ. ನಂದು ವಿಡಿಯೋ ಎಡಿಟಿಂಗ್ ಕೆಲಸ, ದೊಡ್ಡ ದೊಡ್ಡ ಫೈಲು ಕಳಿಸೋದಿರುತ್ತೆ. ಹೆಂಡ್ತಿ ಆನ್‌ಲೈನಲ್ಲಿ ಸಂಗೀತ ಪಾಠ ಹೇಳ್ತಾಳೆ, ಅವಳ ಸ್ಟೂಡೆಂಟ್ಸ್ ಅರ್ಧ ಜನ ಅಮೆರಿಕದಲ್ಲಿರೋ ನಮ್ಮವರ ಮಕ್ಕಳು.

ಅಳೆಯೋ ಮುಂಚೆ ಮನೆಗೆ ಬಂದಿರೋ ವೈರು ಯಾವ್ದು ಅಂತ ಕಣ್ಣಾರೆ ನೋಡ್ಕೊಳ್ಳಿ, ಯಾಕಂದ್ರೆ ನಮ್ಮ ಕಡೆ "ಫೈಬರ್ ನೆಟ್ ಸಾರ್" ಅಂತ ಮಾರೋದೆಲ್ಲ ಮನೆವರೆಗೂ ಫೈಬರ್ ಆಗಿರಲ್ಲ. ದಪ್ಪ ಕಪ್ಪು ವೈರು, ತುದೀಲಿ ತಿರುಗಿಸಿ ಟೈಟ್ ಮಾಡೋ ಪಿನ್ನು, ಮಧ್ಯ ಒಂದು ತಾಮ್ರದ ಮುಳ್ಳು ಇದ್ರೆ ಅದು ಟಿವಿ ಕೇಬಲ್ಲು, ಅದ್ರಲ್ಲಿ ನೆಟ್ ಓಡೋದು ಡಾಕ್ಸಿಸ್ ಅನ್ನೋ ಪದ್ಧತೀಲಿ. ಕಂಪ್ಯೂಟರ್‌ಗೆ ಚುಚ್ಚೋ ಲ್ಯಾನ್ ವೈರು ನೇರ ಕಿಟಕಿಯಿಂದ ಒಳಗೆ ಬಂದಿದ್ರೆ ಫೈಬರ್ ನಿಂತಿರೋದು ಯಾರದೋ ತಾರಸಿ ಮೇಲೋ ಕಂಬದ ಮೇಲೋ ಇರೋ ಡಬ್ಬದಲ್ಲಿ, ಅಲ್ಲಿಂದ ನಿಮ್ಮನೇಗೆ ತಾಮ್ರ. ದಾರದಷ್ಟು ಸಣ್ಣ ವೈರು, ತುದೀಲಿ ಹಸಿರೋ ನೀಲಿನೋ ಚೌಕದ ಕನೆಕ್ಟರ್, ಬಾಕ್ಸ್ ಮೇಲೆ ಪಾನ್ (PON), ಲಾಸ್ (LOS) ಅಂತ ಎರಡು ಲೈಟು ಇದ್ರೆ ಅದು ಪಕ್ಕಾ ಫೈಬರ್ರು. ನಾನು ಹೋಲಿಸಿದ್ದು ಮೊದಲನೇದು ಮತ್ತೆ ಮೂರನೇದು. ನಿಮ್ದು ಎರಡನೇ ಜಾತಿ ಆಗಿದ್ರೆ ಇಲ್ಲಿ ಹೇಳೋದ್ರಲ್ಲಿ ಅರ್ಧ ನಿಮಗೆ ಸೇರಲ್ಲ, ಅದ್ರಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ, ಆದ್ರೆ ಆ ಡಬ್ಬಕ್ಕೆ ಕರೆಂಟ್ ಕೊಟ್ಟಿರೋ ಮನೇಲಿ ಮೇನ್ ಆಫ್ ಮಾಡಿದ್ರೆ ಇಡೀ ಬೀದಿಗೆ ನೆಟ್ ಇಲ್ಲ.

ವೈಫೈನಲ್ಲಿ ಅಳೆದು ಲೈನಿಗೆ ಬೈಯೋದು ಬೇಡ. ಎರಡು ಗೋಡೆ ಆಚೆ ಕೂತು 2.4 ಗಿಗಾಹರ್ಟ್ಸ್‌ನಲ್ಲಿ ಟೆಸ್ಟ್ ಮಾಡಿದ್ರೆ ಬರೋದು ಅಕ್ಕಪಕ್ಕದ ಮನೆಗಳ ವೈಫೈ ಗಲಾಟೆ ಎಷ್ಟಿದೆ ಅನ್ನೋ ನಂಬರು. ಲ್ಯಾಪ್‌ಟಾಪ್‌ಗೆ ವೈರ್ ಹಾಕಿ ಅಳೀರಿ. ಅದ್ರಲ್ಲೂ ಒಂದು ಕಿರಿಕ್ ಇದೆ, ಲ್ಯಾನ್ ವೈರಲ್ಲಿ ಎಂಟು ಎಳೆ ಇರುತ್ತಲ್ಲ, ಕೆಲವರು ನಾಲ್ಕನ್ನೇ ಪಿನ್ನಿಗೆ ಒತ್ತಿ ಕೂರ್ಸಿರ್ತಾರೆ, ಆಗ ಲಿಂಕ್ 100ಕ್ಕೇ ನಿಲ್ಲುತ್ತೆ, ಟೆಸ್ಟ್‌ನಲ್ಲಿ 94-95 ದಾಟಲ್ಲ. ನಿಮ್ಮ ಪ್ಲಾನ್ 200 ಇದ್ದು ಯಾವಾಗ ನೋಡಿದ್ರೂ 94ಕ್ಕೇ ಅಂಟ್ಕೊಂಡಿದ್ರೆ ಕಂಪನಿಗೆ ಫೋನ್ ಮಾಡೋ ಮುಂಚೆ ಆ ವೈರ್ ಬದಲಾಯಿಸಿ, ರೌಟರ್‌ದು ಗಿಗಾಬಿಟ್ ಪೋರ್ಟ್ ಹೌದಾ ನೋಡಿ. ಇನ್ನೊಂದು, ಪ್ಲಾನ್‌ನಲ್ಲಿ ಹೇಳೋದು ಬಿಟ್ (bit) ಲೆಕ್ಕ, ಡೌನ್‌ಲೋಡ್ ಕಿಟಕಿಲಿ ತೋರ್ಸೋದು ಬೈಟ್ (byte) ಲೆಕ್ಕ, ಎಂಟು ಬಿಟ್ ಸೇರಿ ಒಂದು ಬೈಟು, ಎಂಟರಿಂದ ಭಾಗಿಸ್ಬೇಕು, 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 12.5 ಎಂಬಿ, ಅಷ್ಟೇ. "ನೂರು ಅಂದ್ರು, ಹನ್ನೆರಡು ಬರ್ತಿದೆ, ಮೋಸ" ಅಂತ ಪಕ್ಕದ್ಮನೆ ಅಂಕಲ್ ಕಸ್ಟಮರ್ ಕೇರ್‌ಗೆ ಜಗಳ ಆಡೋದನ್ನ ನಾನೇ ಕೇಳಿಸ್ಕೊಂಡಿದ್ದೀನಿ, ಪಾಪ ಅವರಿಗೆ ಬರ್ತಾ ಇದ್ದಿದ್ದು ಪೂರ್ತಿ ಸ್ಪೀಡು.

ಟೆಸ್ಟ್‌ಗೆ ಊಕ್ಲಾ ಸ್ಪೀಡ್‌ಟೆಸ್ಟ್ ಇಟ್ಕೊಂಡೆ, ಆದ್ರೆ ಅದು ತಾನಾಗೇ ಆರಿಸೋ ಸರ್ವರ್ ಎಷ್ಟೋ ಸಲ ಅದೇ ಕಂಪನಿದೇ ಆಗಿರುತ್ತೆ, ಮನೆ ಅಂಗಳದಲ್ಲೇ ಗಾಡಿ ಓಡ್ಸಿ ಮೈಲೇಜ್ ಹೇಳ್ದಂಗೆ, ಅದಕ್ಕೆ ಎರಡು ಲೈನ್‌ಗೂ ಸಂಬಂಧ ಇಲ್ದಿರೋ ಮೂರನೇ ಕಂಪನಿ ಸರ್ವರ್ ಒಂದನ್ನ ಕೈಯಾರೆ ಆರಿಸಿ ಅದನ್ನೇ ಕೊನೇವರೆಗೂ ಬಳಸ್ದೆ. ಜೊತೆಗೆ ಕ್ಲೌಡ್‌ಫ್ಲೇರ್‌ದು, ಮತ್ತೆ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್. ಬೆಳಗ್ಗೆ ಎದ್ದಾಗ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತರ ಹೊತ್ತಿಗೆ ಒಂದು, ಎಕ್ಸೆಲ್ ಶೀಟಲ್ಲಿ ಬರ್ಕೊಂಡು ಹೋದೆ. ಭಾನುವಾರ ರಾತ್ರಿದು ಮಾತ್ರ ತಪ್ಪಿಸ್ಬೇಡಿ, ಲೈನಿನ ನಿಜ ಬಣ್ಣ ಗೊತ್ತಾಗೋದೇ ಅವತ್ತು.

ಈಗ ರಿಸಲ್ಟು. ಬೆಳಗ್ಗೆ ಡೌನ್‌ಲೋಡ್ ನೋಡಿದ್ರೆ ಎರಡಕ್ಕೂ ವ್ಯತ್ಯಾಸನೇ ಇಲ್ಲ, ಎರಡೂ 90ರ ಮೇಲೆ. ಬರೀ ಇಷ್ಟೇ ನೋಡಿ ನಿಲ್ಲಿಸಿದ್ರೆ ಫೈಬರ್ ಹಾಕ್ಸಿದ್ದು ದಂಡ ಅನ್ಸುತ್ತೆ. ರಾತ್ರಿ ಕೇಬಲ್ಲು 50-60ಕ್ಕೆ ಇಳೀತಿತ್ತು, ಕೆಲವು ಭಾನುವಾರ ಇನ್ನೂ ಕೆಳಗೆ, ಫೈಬರ್ ಅಲ್ಲಾಡ್ಲಿಲ್ಲ. ಹಂಚ್ಕೊಳ್ಳೋದು ಎರಡ್ರಲ್ಲೂ ಇದೆ, "ಫೈಬರ್ ಅಂದ್ರೆ ನಿಮಗೊಬ್ಬರಿಗೇ ಲೈನು" ಅನ್ನೋದು ಸೇಲ್ಸ್ ಹುಡುಗರ ಮಾತು. ಜಿಪಾನ್ ಅನ್ನೋ ಮಾಮೂಲಿ ಫೈಬರ್ ಪದ್ಧತೀಲಿ ಒಂದು ಎಳೆಯನ್ನ ಸ್ಪ್ಲಿಟರ್ (ಒಂದು ಲೈನನ್ನ ಹಲವು ಕವಲು ಮಾಡೋ ಡಬ್ಬಿ) ಹಾಕಿ ಸಾಮಾನ್ಯವಾಗಿ 32 ಅಥವಾ 64 ಮನೆಗೆ ಹಂಚ್ತಾರೆ, ಆ ಎಳೇಲಿ ಸೆಕೆಂಡಿಗೆ ಒಟ್ಟು ಹರಿಯೋದು ಕೆಳಮುಖ (ಡೌನ್‌ಲೋಡ್) 2.488 ಗಿಗಾಬಿಟ್, ಅಂದ್ರೆ 2,488 ಎಂಬಿಪಿಎಸ್, ಮೇಲ್ಮುಖ (ಅಪ್‌ಲೋಡ್) 1.244 ಗಿಗಾಬಿಟ್. ಕೇಬಲ್ ಡಾಕ್ಸಿಸ್ 3.0ನಲ್ಲಿ ಎಂಟು ಚಾನೆಲ್ ಸೇರಿಸಿದ್ರೂ 300-400 ಎಂಬಿಪಿಎಸ್, ಅದನ್ನ ಒಂದು ನೋಡ್ (ಏರಿಯಾಗೆ ಕೇಬಲ್ ಹಂಚೋ ಡಬ್ಬ) ಕೆಳಗಿರೋ ಅಷ್ಟೂ ಮನೆ ಹಂಚ್ಕೋಬೇಕು. ರಾತ್ರಿ ಎಲ್ಲರೂ ಕ್ರಿಕೆಟ್ಟೋ ಸೀರಿಯಲ್ಲೋ ಹಾಕ್ಕೊಂಡ್ರೆ ಎಲ್ಲಿ ಸಾಲುತ್ತೆ ಹೇಳಿ.

ಅಪ್‌ಲೋಡ್ ವಿಷಯಕ್ಕೆ ಬಂದ್ರೆ ಹೋಲಿಕೆನೇ ಇಲ್ಲ, ಫೈಬರ್‌ನಲ್ಲಿ ಹೋಗೋದೂ 90ರ ಮೇಲೆ, ಕೇಬಲ್‌ನಲ್ಲಿ 8-10. ಪ್ಲಾನ್ ಮಾರೋವಾಗ ಈ ಎರಡನೇ ನಂಬರ್ ಯಾರೂ ಬಾಯಿ ಬಿಡಲ್ಲ, ನೀವೇ ಕೇಳ್ಬೇಕು. ಕೇಬಲ್ ಹುಟ್ಟಿದ್ದೇ ಟಿವಿ ಚಾನೆಲ್ ಮನೆಗೆ ತರೋಕೆ, ಒಮ್ಮುಖ ರಸ್ತೆ. ಡಾಕ್ಸಿಸ್ ಮೊದಲನೇ ಆವೃತ್ತಿ 1997ರಲ್ಲಿ ಬಂದಾಗ ಮನೆಯಿಂದ ವಾಪಸ್ ಹೋಗೋ ಸಿಗ್ನಲ್‌ಗೆ ಟಿವಿ ಚಾನೆಲ್‌ಗಳ ಕೆಳಗೆ ಉಳಿದಿದ್ದ ಜಾಗ ಕೊಟ್ರು, ಅಮೆರಿಕದಲ್ಲಿ 5ರಿಂದ 42 ಮೆಗಾಹರ್ಟ್ಸ್, ಯೂರೋಪ್ ಕಡೆ 65ರವರೆಗೆ. ಆ ಜಾಗನೇ ಅತಿ ಗಲೀಜು, ಮಿಕ್ಸಿ ಮೋಟಾರು, ಸಡಿಲ ಕನೆಕ್ಟರು ಎಲ್ಲದರ ಗದ್ದಲ ಬಂದು ಸೇರೋದು ಅಲ್ಲಿಗೇ, ಅದೂ ಇಡೀ ಬೀದಿ ಮನೆಗಳದ್ದು ಒಟ್ಟಾಗಿ. ಅಮೆರಿಕದಲ್ಲಿರೋ ನಮ್ಮ ಭಾವ ಕೇಬಲ್‌ನಲ್ಲಿ ಗಿಗಾಬಿಟ್ ಪ್ಲಾನ್ ಇಟ್ಕೊಂಡಿದ್ರೂ ಅಪ್‌ಲೋಡ್ 35 ಅಷ್ಟೇ ಅಂತಿದ್ರು, ಆಗ ನಂಬಿರ್ಲಿಲ್ಲ, ಈಗ ಕಾರಣ ಗೊತ್ತಾಯ್ತು. ನನ್ನ ಲೆಕ್ಕಕ್ಕೆ ಇದು ದಿನನಿತ್ಯದ ಮಾತು, 10 ಜಿಬಿ ಫೈಲು ಕ್ಲೈಂಟ್‌ಗೆ ಕಳ್ಸೋಕೆ 10 ಎಂಬಿಪಿಎಸ್‌ನಲ್ಲಿ ಎರಡು ಗಂಟೆ ಮೇಲೆ ಬೇಕು, ಫೈಬರ್‌ನಲ್ಲಿ ಕಾಲು ಗಂಟೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಸಿಕ್ಕಿದ್ದು ಪಿಂಗ್‌ನಲ್ಲಿ, ಅಂದ್ರೆ ಒಂದು ಪುಟ್ಟ ಪ್ಯಾಕೆಟ್ಟು ಸರ್ವರ್‌ಗೆ ಹೋಗಿ ವಾಪಸ್ ಬರೋಕೆ ಹಿಡಿಯೋ ಸಮಯದಲ್ಲಿ, ಅದೂ ಲೈನು ಖಾಲಿ ಇದ್ದಾಗಲ್ಲ. ಖಾಲಿ ಇದ್ದಾಗ ಫೈಬರ್ 3-4 ಮಿಲಿಸೆಕೆಂಡು, ಕೇಬಲ್ಲು 12-15, ಇಷ್ಟು ಯಾರ ಕಣ್ಣಿಗೂ ಬೀಳಲ್ಲ. ನೀವೇ ಮಾಡಿ ನೋಡಿ, ವಿಂಡೋಸ್‌ನಲ್ಲಿ ಕಮಾಂಡ್ ಕಿಟಕಿ ತೆಗೆದು 8.8.8.8ಗೆ (ಅದು ಗೂಗಲ್‌ನವರ ಸರ್ವರ್) ನಿಲ್ಲದಂಗೆ ಪಿಂಗ್ ಹಾಕ್ಬಿಟ್ಟು (ping -t 8.8.8.8) ಇನ್ನೊಂದು ಕಡೆ ಡ್ರೈವ್‌ಗೆ ಒಂದು ದೊಡ್ಡ ವಿಡಿಯೋ ಅಪ್‌ಲೋಡ್‌ಗೆ ಬಿಡಿ. ಕೇಬಲ್‌ನಲ್ಲಿ ಆ ಸಾಲುಗಳು 14, 13, 15 ಅಂತ ಬರ್ತಿದ್ದವು ಇದ್ದಕ್ಕಿದ್ದಂಗೆ 180, 260, 340 ಅಂತ ಏರ್ಕೊಂಡು ಹೋದ್ವು, ಮಧ್ಯ ಮಧ್ಯ ಟೈಮ್ ಔಟ್. ಅಪ್‌ಲೋಡ್ ನಿಲ್ಲಿಸಿದ ತಕ್ಷಣ ಮತ್ತೆ 14. ಫೈಬರ್‌ನಲ್ಲಿ ಅದೇ ಆಟ ಆಡ್ದಾಗ 20-25 ದಾಟ್ಲಿಲ್ಲ. ಮೋಡೆಮ್ಮು ಹೊರಗೆ ಹೋಗ್ಬೇಕಾದ ಡೇಟಾನ ತನ್ನೊಳಗೆ ಸಾಲು ನಿಲ್ಲಿಸ್ಕೊಳ್ಳುತ್ತೆ, ಬಾಗಿಲು ಸಣ್ಣದು, ಸಾಲು ಉದ್ದ, ಹಿಂದೆ ಬಂದ ಪುಟ್ಟ ಪ್ಯಾಕೆಟ್ಟೂ ಅದೇ ಸಾಲಲ್ಲಿ ಕಾಯ್ಬೇಕು. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ನಾನು ಫೈಲ್ ಕಳ್ಸೋ ಹೊತ್ತಿಗೇ ಹೆಂಡ್ತಿ ಕ್ಲಾಸಲ್ಲಿ ಸ್ವರ ಕಟ್ ಆಗ್ತಿದ್ದದ್ದು ಇದ್ರಿಂದಾನೇ. ಅವಳು ದೂರ್ತಿದ್ದದ್ದು ಜೂಮ್‌ನ, ನಿಜವಾದ ಕಳ್ಳ ಪಕ್ಕದ ರೂಮಲ್ಲೇ ಕೂತಿದ್ದ.

ಸಂಗೀತದ ಮಾತು ಬಂತಲ್ಲ, ಫೈಬರ್ ಬಂದ್ಮೇಲೆ ಇನ್ನು ಅಮೆರಿಕದಲ್ಲಿರೋ ಮಗು ಜೊತೆ ಒಟ್ಟಿಗೇ ತಾಳ ಹಾಕ್ಕೊಂಡು ಹಾಡ್ಬಹುದಾ ಅಂತ ಅವಳು ಆಸೆಯಿಂದ ಕೇಳಿದ್ಲು. ಆಗಲ್ಲ. ಗಾಜಿನ ಎಳೇಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತೆ, ಬೆಂಗಳೂರಿಂದ ನ್ಯೂಜೆರ್ಸಿಗೆ ಹಗ್ಗ ಎಳೆದಂಗೆ ನೇರ ಹೋದ್ರೂ 13 ಸಾವಿರ ಕಿಲೋಮೀಟರ್ ಮೇಲೆ, ಹೋಗಿ ಬರೋಕೆ 130 ಮಿಲಿಸೆಕೆಂಡ್ ಬೇಕೇ ಬೇಕು, ಸಮುದ್ರದ ಕೇಬಲ್ ಸುತ್ತಿ ಬಳಸಿ ಹೋಗೋದ್ರಿಂದ ನಿಜವಾಗಿ 200 ದಾಟುತ್ತೆ. ಮನೆ ಮುಂದಿನ ವೈರು ಯಾವ್ದೇ ಆಗಿರ್ಲಿ, ಅದೇನೂ ಬದಲಾಗಲ್ಲ. ಅವಳು ಮೊದಲಿನ ಹಂಗೇ ಒಂದು ಸಾಲು ಹೇಳ್ಕೊಟ್ಟು, ಸುಮ್ಮನಿದ್ದು, ಮಗು ಹಾಡೋದು ಕೇಳ್ತಾಳೆ. ಸ್ವರ ಒಡೆಯೋದು ಮಾತ್ರ ನಿಂತಿದೆ.

ಕೇಬಲ್‌ಗೂ ನ್ಯಾಯ ಆಗ್ಬೇಕು ಅಂತ ಅದರ ಲೈನನ್ನೂ ಒಂದ್ಸಲ ಪೂರ್ತಿ ಚೆಕ್ ಮಾಡಿಸ್ದೆ. ಮೋಡೆಮ್‌ದು ಒಂದು ಪೇಜ್ ಇರುತ್ತೆ, ಬ್ರೌಸರ್‌ನಲ್ಲಿ 192.168.100.1 ಹೊಡೆದ್ರೆ ಬಹಳಷ್ಟು ಮೋಡೆಮ್‌ಗಳಲ್ಲಿ ತೆರ್ಕೊಳ್ಳುತ್ತೆ, ಅದ್ರಲ್ಲಿ ಸರಿಪಡಿಸೋಕೆ ಆಗದ ಎರರ್‌ಗಳ ಲೆಕ್ಕ ದಿನಾ ಏರ್ತಾ ಇತ್ತು. ಕೇಬಲ್ ಹುಡುಗ ಬಂದು ತಾರಸಿ ಮೇಲೆ ನೋಡಿದ್ರೆ ಹಳೇ ಸ್ಪ್ಲಿಟರ್ ಒಂದು, ಮೂರು ಬಾಯಿ, ಒಂದು ಬಾಯಿಗೆ ವೈರೇ ಇಲ್ಲ, ಮಳೆ ನೀರು ಇಳಿದು ಒಳಗಿನ ಪಿನ್ ಹಸಿರುಗಟ್ಟಿತ್ತು. "ಇದು ಟಿವಿಗೆ ಸಾಕು ಸಾರ್, ನೆಟ್‌ಗೆ ಆಗಲ್ಲ" ಅಂತ ಅದನ್ನ ಕಿತ್ತು ನೇರ ಲೈನ್ ಕೊಟ್ಟ, ಹೊಸ ಕನೆಕ್ಟರ್ ಹಾಕಿ ಟೇಪ್ ಸುತ್ತಿದ. ಎರರ್ ಹತ್ರ ಹತ್ರ ನಿಂತೇ ಹೋಯ್ತು, ಪಿಂಗ್ ಕುಣಿಯೋದೂ ಕಮ್ಮಿ ಆಯ್ತು. ಅಪ್‌ಲೋಡ್ ಮಾತ್ರ ಅಲ್ಲೇ ಇತ್ತು, ರಾತ್ರಿ ಡೌನ್‌ಲೋಡ್ ಇಳಿಯೋದೂ ಹಂಗೇ. ಕೇಬಲ್‌ನಲ್ಲೇ ಇರೋರು ಬೇರೆ ಏನೂ ಮಾಡದಿದ್ರೂ ಇದೊಂದು ಮಾಡ್ಸಿ, ಖರ್ಚು ಏನಿಲ್ಲ.

ಫೈಬರ್‌ಗೂ ಇಂಥದ್ದೇ ಒಂದು ನಂಬರ್ ಇದೆ, ಬಾಕ್ಸ್‌ನ ಪೇಜಲ್ಲಿ ಆರ್‌ಎಕ್ಸ್ (RX) ಪವರ್ ಅಂತ, ಬಾಕ್ಸಿಗೆ ಬಂದು ಸೇರೋ ಬೆಳಕು ಎಷ್ಟು ಬಲವಾಗಿದೆ ಅನ್ನೋದು, ಡಿಬಿಎಂ (dBm) ಅನ್ನೋ ಅಳತೇಲಿ, ಮೈನಸ್‌ನಲ್ಲಿ. ಮೈನಸ್ 15ರಿಂದ 23-24ರವರೆಗೆ ಆರಾಮ, ಮೈನಸ್ 27ರ ಹತ್ರ ಹೋದ್ರೆ ಅಂಚು. ನಮ್ಮನೇಲಿ ಹಾಕಿದ ದಿನವೇ ಮೈನಸ್ 26 ತೋರಿಸ್ತಿತ್ತು, ಸ್ಪೀಡ್ ಪೂರ್ತಿ ಬರ್ತಿದೆಯಲ್ಲ ಅಂತ ಲೈನ್‌ಮ್ಯಾನ್ ಹೊರಟೇಬಿಟ್ಟಿದ್ದ. ಫೈಬರ್‌ನಲ್ಲಿ ಅದೇ ಯಾಮಾರ್ಸೋದು, ಸಿಗ್ನಲ್ ಕಮ್ಮಿ ಆದ್ರೆ ಸ್ಪೀಡ್ ಮೆಲ್ಲಗೆ ಇಳಿಯಲ್ಲ, ಅಂಚಿನವರೆಗೂ ಚೆನ್ನಾಗಿ ಓಡಿ ಒಂದಿನ ಕೆಂಪು ಲೈಟ್ ಹತ್ಕೊಂಡು ನಿಂತ್ಹೋಗುತ್ತೆ. ವಾಪಸ್ ಕರೆದು ತೋರಿಸ್ದೆ. ಕಿಟಕಿ ಮೂಲೇಲಿ ವೈರನ್ನ ನೇರ ಮಡಚಿ ಕ್ಲಿಪ್ ಹೊಡೆದಿದ್ರು, ಆ ಕ್ಲಿಪ್ ತೆಗೆದು ಬಳೆಯಷ್ಟು ದುಂಡಗೆ ಬಿಟ್ಟ ತಕ್ಷಣ ಮೈನಸ್ 20ಕ್ಕೆ ಬಂತು, ಅಲ್ಲೇ ನಿಂತು ಪೇಜ್ ರಿಫ್ರೆಶ್ ಮಾಡಿ ನೋಡಿದ್ವಿ. ಗಾಜಿನೊಳಗಿನ ಬೆಳಕು ತೀರಾ ಮಡಚಿದ ಕಡೆ ಹೊರಗೆ ಸೋರಿಹೋಗುತ್ತೆ, ಅಷ್ಟೇ ವಿಷಯ.

ಕರೆಂಟ್ ಹೋದಾಗಿನ ಕಥೆ ಬೇರೆ. ಕೇಬಲ್‌ನಲ್ಲಿ ಬೀದೀಲಿರೋ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕು, ನಮ್ಮನೇಲಿ ಯುಪಿಎಸ್ ಇದ್ದು ಮೋಡೆಮ್ ಉರೀತಿದ್ರೂ ಏರಿಯಾ ಕರೆಂಟ್ ಹೋಯ್ತು ಅಂದ್ರೆ ನೆಟ್ಟೂ ಹೋಯ್ತು. ಫೈಬರ್ ದಾರೀಲಿ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಕಂಪನಿ ಕಡೆ, ನಮ್ಮನೇಲಿ, ಈ ಎರಡು ಕಡೆ ಕರೆಂಟ್ ಇದ್ರೆ ಆಯ್ತು. ಸಂಜೆ ಮಳೆಗೆ ಇಡೀ ರಸ್ತೆ ಕತ್ತಲಾದಾಗ್ಲೂ ಕ್ಲಾಸ್ ನಡೆದಿದೆ. ಆದ್ರೆ ಅದೇ ಮಳೇಲಿ ಕೊಂಬೆ ಬಿದ್ದು ವೈರ್ ಹರಿದ್ರೆ ಕೇಬಲ್ ಹುಡುಗ ಅರ್ಧ ಗಂಟೇಲಿ ಪಿನ್ ಹಾಕಿ ಜೋಡಿಸ್ತಾನೆ, ಫೈಬರ್‌ಗೆ ಗಾಜಿನ ಎಳೆ ಬೆಸೆಯೋ ಸ್ಪ್ಲೈಸಿಂಗ್ ಮೆಷಿನ್ ಬರ್ಬೇಕು, ಆ ಮೆಷಿನ್ ಇರೋನು ಇಡೀ ಏರಿಯಾಗೆ ಒಬ್ಬನೋ ಇಬ್ಬರೋ, ಗಾಳಿ ಮಳೆ ಆದ ಮಾರನೇ ದಿನ ಅವನ ಫೋನ್ ಎಂಗೇಜು.

ಕೇಬಲ್ ರಿನ್ಯೂ ಮಾಡ್ಲಿಲ್ಲ. ಒಂದು ವಿಷಯಕ್ಕೆ ಮಾತ್ರ ಅದನ್ನ ನೆನೆಸ್ಕೋತೀನಿ, ಅದ್ರಲ್ಲಿ ನನಗೇ ಅಂತ ಪಬ್ಲಿಕ್ ಐಪಿ, ಅಂದ್ರೆ ಇಂಟರ್ನೆಟ್ಟಲ್ಲಿ ಹೊರಗಿಂದ ನೇರ ತಲುಪೋಕೆ ಆಗೋ ಅಡ್ರೆಸ್ಸು ಇತ್ತು, ಊರಿಗೆ ಹೋದಾಗ ಮನೆ ಕ್ಯಾಮೆರಾ, ಹಾರ್ಡ್ ಡಿಸ್ಕ್ ಎಲ್ಲ ನೇರ ನೋಡ್ಬಹುದಿತ್ತು. ಫೈಬರ್‌ನಲ್ಲಿ ರೌಟರ್‌ಗೆ ಸಿಕ್ಕಿರೋದು 100.64 ಅಂತ ಶುರುವಾಗೋ ಅಡ್ರೆಸ್ಸು, ಅಂದ್ರೆ ಎಷ್ಟೋ ಮನೆಗಳನ್ನ ಒಂದೇ ಐಪಿ ಹಿಂದೆ ಕೂರ್ಸಿದಾರೆ, ಹೊರಗಿಂದ ಬಾಗಿಲು ತಟ್ಟೋಕೆ ಆಗಲ್ಲ. ನಮಗೇ ಅಂತ ಬದಲಾಗದ ಸ್ಟ್ಯಾಟಿಕ್ ಐಪಿಗೆ ತಿಂಗಳು ತಿಂಗಳು ಬೇರೆ ದುಡ್ಡು ಕೇಳಿದ್ರು. ಐಪಿವಿ6 (ಹೀಗೆ ಹಂಚ್ಕೊಳ್ಳೋ ಗತಿ ಇಲ್ದಿರೋ ಹೊಸ ಮಾದರಿ ಅಡ್ರೆಸ್ಸು) ಕೊಡ್ತಾರಾ ಅಂತ ಕೇಳ್ದೆ, ಕೊಡ್ತೀವಿ ಅಂದ್ರು, ರೌಟರ್‌ನಲ್ಲಿ ಆನ್ ಮಾಡ್ಕೊಂಡು ಸದ್ಯಕ್ಕೆ ಅದ್ರಲ್ಲೇ ನಡೆಸ್ತಾ ಇದ್ದೀನಿ, ಮೊಬೈಲ್ ಸಿಮ್‌ನಲ್ಲೂ ಐಪಿವಿ6 ಇರೋದ್ರಿಂದ ಕ್ಯಾಮೆರಾ ಸಿಗುತ್ತೆ, ಊರಲ್ಲಿ ಅಪ್ಪನ ಮನೆ ಹಳೇ ಬ್ರಾಡ್‌ಬ್ಯಾಂಡ್‌ನಲ್ಲಿ ಅದಿಲ್ಲ, ಅಲ್ಲಿಂದ ಮಾತ್ರ ಸಿಗಲ್ಲ.