ಮೊದಲು ಒತ್ತಕ್ಷರ, ಆಮೇಲೆ ದುಡ್ಡು: ಮಗಳಿಗೆ ಇ-ರೀಡರ್ ಆರಿಸಿದ ಬಗೆ

ಡಿಜಿಟಲ್ ಪುಸ್ತಕ ಓದುವ ಯಂತ್ರ, ಅಂದರೆ ಇ-ರೀಡರ್ ಕೊಳ್ಳಲು ಹೊರಟವರಿಗೆ ಎಲ್ಲರೂ ಮೊದಲು ಹೇಳುವುದು ಜಿಬಿಯ ಲೆಕ್ಕ. ಎಂಟು ವರ್ಷದ ಮಗುವಿನ ಮಟ್ಟಿಗೆ ಇದರಷ್ಟು ನಿರುಪಯೋಗಿ ಮಾಹಿತಿ ಇನ್ನೊಂದಿಲ್ಲ. ಬರಹವೇ ಹೆಚ್ಚಿರುವ ಪುಸ್ತಕ ಸಾಮಾನ್ಯವಾಗಿ ಒಂದೆರಡು ಎಂಬಿಯೊಳಗೆ ಮುಗಿಯುತ್ತದೆ. 16 ಜಿಬಿಯ ಯಂತ್ರ ತುಂಬುವಷ್ಟು ಪುಸ್ತಕ ಓದಲು ಅವಳು ಅಜ್ಜಿಯಾಗಬೇಕು. ನನಗೆ ಬೇಕಿದ್ದದ್ದು ಬೇರೆ. ಮೂರನೇ ತರಗತಿಯ ಮಗಳು ಇಂಗ್ಲಿಷ್ ಕತೆಗಳನ್ನು ಎಷ್ಟು ಸಲೀಸಾಗಿ ಓದುತ್ತಾಳೋ ಕನ್ನಡವನ್ನೂ ಅಷ್ಟೇ ಸಲೀಸಾಗಿ ಅದರಲ್ಲಿ ಓದಬೇಕು. ಆ ಷರತ್ತು ಇಟ್ಟ ಕೂಡಲೇ ಆಯ್ಕೆಯ ಪಟ್ಟಿ ಅರ್ಧಕ್ಕಿಳಿಯಿತು.

ಟ್ಯಾಬ್ಲೆಟ್ ಬೇಡ ಎಂಬುದು ಮೊದಲೇ ತೀರ್ಮಾನವಾಗಿತ್ತು. ಅದರಲ್ಲಿ ಪುಸ್ತಕವೂ ಇರುತ್ತದೆ, ಪುಸ್ತಕಕ್ಕಿಂತ ಸುಲಭವಾದ ನೂರು ಆಕರ್ಷಣೆಗಳೂ ಇರುತ್ತವೆ. ಇ-ರೀಡರಿನ ಕಾಗದದಂಥ ಇ-ಇಂಕ್ ಪರದೆಯಲ್ಲಿ ಬೆಳಕು ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಅಂಚಿನ ಪುಟ್ಟ ದೀಪಗಳು ಪುಟದ ಮೇಲೆ ಬೆಳಕು ಹಾಯಿಸುತ್ತವೆ. ಹಾಗೆಂದು ಅದು ಕಣ್ಣಿಗೆ ಔಷಧಿಯೇನಲ್ಲ. ಹತ್ತಿರದಿಂದ ಓದುವುದು ಯಾವುದರಲ್ಲಾದರೂ ಹತ್ತಿರದಿಂದ ಓದುವುದೇ. ಸಂಜೆಯ ಹೊರಗಿನ ಆಟಕ್ಕೆ ಕತ್ತರಿ ಹಾಕಿ ಇ-ರೀಡರ್ ಕೊಡುವುದಾದರೆ ಕೊಡದಿರುವುದೇ ಮೇಲು.

ಕನ್ನಡದ ವಿಷಯಕ್ಕೆ ಬರುತ್ತೇನೆ. 2016ರ ಡಿಸೆಂಬರಿನಲ್ಲಿ ಅಮೆಝಾನ್ ತನ್ನ ಇ-ರೀಡರ್ ಕಿಂಡಲ್‌ಗಾಗಿ ಭಾರತೀಯ ಭಾಷೆಗಳ ಪುಸ್ತಕ ಮಾರಲು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡದ ಓದುಗರು ಬಹುತೇಕ ತಾವೇ ಕಡತ ತಂದು ಹಾಕಿಕೊಂಡು ಓದುವವರು. ಆ ಕಡತ ಪರದೆಯ ಮೇಲೆ ಹೇಗೆ ಮೂಡುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಅದಕ್ಕೆ ಒಂದು ಪುಟದ ಇಪಬ್ ಕಡತ, ಅಂದರೆ ಇ-ಪುಸ್ತಕದ ಮಾದರಿಯ ಕಡತ, ತಯಾರಿಸಿದೆ. ಅದರಲ್ಲಿದ್ದದ್ದು ಅಕ್ಕ, ತೊಟ್ಟಿಲು, ಸೂರ್ಯ, ಕೃಷ್ಣ, ಜ್ಞಾನ, ರಾಷ್ಟ್ರ, ಸ್ವಾತಂತ್ರ್ಯ, ರ‍್ಯಾಂಕ್ ಇಂಥ ಪದಗಳು. ಕೆಳಗೆ ಒಂದು ಕತೆಯ ನಾಲ್ಕು ಸಾಲು. ಅದನ್ನು ನಂಟರು, ಗೆಳತಿಯರ ಬಳಿ ಇದ್ದ ಯಂತ್ರಗಳಿಗೆಲ್ಲ ಹಾಕಿ ನೋಡಿದೆ. ಒಂದರಲ್ಲಿ ಬರೀ ಚೌಕಗಳು ಬಂದವು. ಇನ್ನೊಂದರಲ್ಲಿ ಅಕ್ಷರ ಬಂದವು, ಆದರೆ ಅಕ್ಕ ಹೋಗಿ ‘ಅಕ್‌ಕ’ ಆಯಿತು, ಸೂರ್ಯನ ಅರ್ಕಾವತ್ತು ಕಳಚಿ ‘ಸೂರ್‌ಯ’ ಆಯಿತು. ದೊಡ್ಡವರು ಹೇಗೋ ಊಹಿಸಿ ಓದಿಕೊಳ್ಳುತ್ತಾರೆ. ಒತ್ತಕ್ಷರವನ್ನು ಈಗಷ್ಟೇ ಹಿಡಿತಕ್ಕೆ ತಂದುಕೊಳ್ಳುತ್ತಿರುವ ಮಗುವಿನ ಮುಂದೆ ಇಂಥ ಪುಟ ಇಡುವುದು ಅನ್ಯಾಯ.

ಹೀಗಾಗಲು ಕಾರಣವಿದೆ. ಕಡತದಲ್ಲಿ ಒತ್ತಕ್ಷರ ಒಂದೇ ತುಂಡಾಗಿ ಇರುವುದಿಲ್ಲ. ಕ, ಅದರ ಸ್ವರ ಕಳೆಯುವ ಚಿಹ್ನೆ, ಮತ್ತೆ ಕ ಎಂದು ಬಿಡಿಬಿಡಿಯಾಗಿ ಇರುತ್ತದೆ. ಅವನ್ನು ಜೋಡಿಸಿ ಒತ್ತನ್ನು ಕೆಳಗಿಡುವ ಕೆಲಸ ಓದುವ ತಂತ್ರಾಂಶದ್ದು. ಬರೀ ಕನ್ನಡ ಫಾಂಟ್ ತುಂಬಿದರೆ ಚೌಕಗಳು ಹೋಗಬಹುದು, ಒತ್ತು ಕೂಡುವ ಭರವಸೆಯಿಲ್ಲ.

ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರಗಳಲ್ಲಿ, ಉದಾಹರಣೆಗೆ ಬೂಕ್ಸ್ ಕಂಪನಿಯವುಗಳಲ್ಲಿ, ಈ ತಾಪತ್ರಯ ಕಡಿಮೆ. ಮೈಲ್ಯಾಂಗ್‌ನಂಥ ಕನ್ನಡ ಪುಸ್ತಕದ ಆ್ಯಪ್ ಕೂಡ ಅದರಲ್ಲಿ ಹಾಕಿಕೊಳ್ಳಬಹುದು. ಬಹಳ ದಿನ ಅದರತ್ತಲೇ ಮನಸ್ಸು ವಾಲಿತ್ತು. ಆದರೆ ಪ್ಲೇ ಸ್ಟೋರ್ ಇದ್ದ ಮೇಲೆ ಯೂಟ್ಯೂಬೂ ಬರುತ್ತದೆ. ಕಪ್ಪುಬಿಳುಪಿನಲ್ಲಿ ತಡವರಿಸುತ್ತ ಓಡಿದರೂ ಮಕ್ಕಳಿಗೆ ಅದು ಯೂಟ್ಯೂಬೇ. ಬೀಗ ಹಾಕುವುದು, ಅವಳು ತೆಗೆಯುವುದು, ನಾನು ಮತ್ತೆ ಹಾಕುವುದು: ಈ ಕಾವಲುಗಾರಿಕೆ ನನಗೆ ಬೇಡವಾಗಿತ್ತು. ಹಿರಿಯರು ತಮಗೆ ಕೊಳ್ಳುವುದಾದರೆ ಮಾತ್ರ ಅದನ್ನೇ ಕೊಳ್ಳಿ ಎನ್ನುತ್ತೇನೆ.

ಕೊನೆಗೆ ಆರಿಸಿದ್ದು ಕೊಬೊ ಕ್ಲಾರಾ ಬಿಡಬ್ಲ್ಯೂ ಎಂಬ ಕಪ್ಪುಬಿಳುಪು ಪರದೆಯ ಇ-ರೀಡರ್. ಆರು ಇಂಚು, 174 ಗ್ರಾಂ ತೂಕ, ನೀರು ಬಿದ್ದರೂ ತಾಳುತ್ತದೆ. 2024ರಲ್ಲಿ ಅಮೆರಿಕದಲ್ಲಿ ಅದು ಬಂದಾಗ ಬೆಲೆ ಸುಮಾರು 130 ಡಾಲರ್. ರಜೆಗೆ ಬರುತ್ತಿದ್ದ ನನ್ನ ತಮ್ಮನಿಗೆ ತರಲು ಹೇಳಿದೆ. ಅದಕ್ಕೆ ಕೋರೀಡರ್ ಎಂಬ, ಪುಸ್ತಕ ಓದುವ ಮುಕ್ತ ತಂತ್ರಾಂಶವನ್ನು ಹಾಕಲು ಆಗುತ್ತದೆ ಎಂಬುದೇ ನನ್ನನ್ನು ಒಪ್ಪಿಸಿದ್ದು. ಯಂತ್ರದ ಬೀಗ ಒಡೆಯುವ ಸಾಹಸ ಬೇಕಿಲ್ಲ. ಕೇಬಲ್ ಸಿಕ್ಕಿಸಿ ಕಡತಗಳನ್ನು ನಕಲಿಸಿದರೆ ಆಯಿತು. ಕೋರೀಡರಿನೊಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಭಾಗವಿದೆ. ಉಚಿತವಾಗಿ ಸಿಗುವ ನೋಟೊ ಸೆರಿಫ್ ಕನ್ನಡ ಫಾಂಟನ್ನು ಅದರ ಫಾಂಟ್ ಫೋಲ್ಡರಿಗೆ ಸೇರಿಸಿದೆ. ಸ್ವಾತಂತ್ರ್ಯದ ತಕಾರದ ಕೆಳಗೆ ರಕಾರ, ಯಕಾರ ಎರಡೂ ತಮ್ಮ ಜಾಗದಲ್ಲಿ ಕುಳಿತವು.

ಅಷ್ಟಕ್ಕೇ ಪುಟ ಓದಲು ಹಿತವಾಗಲಿಲ್ಲ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು: ಮೇಲಿನ ಸಾಲಿನ ಒತ್ತು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ, ಯಾವ ಗೆರೆ ಯಾವ ಅಕ್ಷರದ್ದು ಎಂದು ಮಗು ಬೆರಳಿಟ್ಟು ಹುಡುಕುತ್ತದೆ. ಅಂತರವನ್ನು ಏರಿಸುತ್ತಾ ಹೋಗಿ, ಒತ್ತುಗಳ ಕೆಳಗೆ ಬಿಳಿಯ ಪಟ್ಟಿ ಕಾಣುವಲ್ಲಿಗೆ ನಿಲ್ಲಿಸಿದೆ. ಎರಡನೆಯದು ಸಾಲಿನ ಬಲ ಅಂಚು. ‘ಹೊರಟುಹೋಗಿದ್ದನೆಂದು’ ಎಂಬಂಥ ಪದ ಆರು ಇಂಚಿನ ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಅರ್ಧ ಸಾಲು ನುಂಗುತ್ತದೆ. ಎರಡೂ ಅಂಚು ಸಮ ಮಾಡಲು ಹೋದರೆ ಹಿಂದಿನ ಸಾಲಿನ ಮೂರು ಪದಗಳ ನಡುವೆ ಹೊಂಡ ಬೀಳುತ್ತದೆ. ಬಲ ಅಂಚನ್ನು ಅದರ ಪಾಡಿಗೆ ಬಿಟ್ಟೆ. ನೋಟೊದ ಗೆರೆಗಳು ಬೂದು ಹಿನ್ನೆಲೆಯಲ್ಲಿ ತುಸು ತೆಳುವಾಗಿ ಕಂಡದ್ದರಿಂದ ದಪ್ಪವನ್ನೂ ಸ್ವಲ್ಪ ಏರಿಸಿದೆ. ಕೋರೀಡರಿನ ಮೆನು ಮಕ್ಕಳಿಗೆ ಕಾಡಿನಂತಿದೆ. ತೆರೆದ ಕೂಡಲೇ ಹಿಂದೆ ಓದುತ್ತಿದ್ದ ಪುಟವೇ ಬರುವಂತೆ ಹೊಂದಿಸಿಟ್ಟೆ.

ಓದಲು ಏನಿದೆ? ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಅವಕ್ಕೆ ನಾಲ್ಕು ಮಟ್ಟಗಳಿವೆ, ಇಳಿಸಿಕೊಳ್ಳಲೂ ಅನುಮತಿಯಿದೆ. ಮೇಲಿನ ಮಟ್ಟದ ಕತೆಗಳಲ್ಲಿ ಬರಹ ಹೆಚ್ಚಿರುವುದರಿಂದ ಇ-ರೀಡರಿಗೆ ಅವೇ ಹೊಂದುತ್ತವೆ. ಇಂಗ್ಲಿಷಿನ ಹಳೆಯ ಮಕ್ಕಳ ಪುಸ್ತಕಗಳಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಜಾಲತಾಣವಿದೆ. ಪಿಡಿಎಫ್ ಕಡತಗಳ ಸಹವಾಸ ಮಾತ್ರ ಬೇಡ. ಪುಟವಿಡೀ ಆರು ಇಂಚಿಗೆ ಕುಗ್ಗಿದರೆ ಅಕ್ಷರ ಇರುವೆಯಾಗುತ್ತದೆ. ಅದರಿಂದ ಬರಹ ತೆಗೆದು ಇಪಬ್ ಮಾಡೋಣವೆಂದರೆ, ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಕಡತವಾದರೆ ಹೊರಬರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಈಗಿನ ಯಂತ್ರಗಳು ಅಕ್ಷರಗಳಿಗೆ ಬಳಸುವ ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ, ಆದರೆ ತಿದ್ದುವ ತಾಳ್ಮೆ ಬೇಕು. ನನ್ನದು ಒಂದು ಕತೆಗೇ ಮುಗಿಯಿತು.

ಬಣ್ಣದ ಪರದೆಯ ಕ್ಲಾರಾ ಕೂಡ 2024ರಲ್ಲೇ ಬಂದಿತ್ತು. ಕಪ್ಪುಬಿಳುಪು ಬರಹ ಇಂಚಿಗೆ 300 ಚುಕ್ಕಿಯಿದ್ದರೆ ಬಣ್ಣ 150ಕ್ಕಿಳಿಯುತ್ತದೆ, ಪರದೆಯೂ ಒಂದಿಷ್ಟು ಮಂಕು. “ಅಮ್ಮಾ, ಈ ಹುಲಿಗೆ ಬಣ್ಣವೇ ಇಲ್ಲ” ಎಂದು ಮಗಳು ಮೊದಲ ದಿನವೇ ದೂರಿದಳು. ಹುಲಿಯ ಬಣ್ಣಕ್ಕೆ ಕಾಗದದ ಪುಸ್ತಕವಿದೆ. ಕನ್ನಡದ ಚಿತ್ರಪುಸ್ತಕಗಳ ಬೆಲೆಯೂ ಅಂಥದ್ದೇನಿಲ್ಲ. ಮನೆಯಲ್ಲಿ ಅವು ಕಡಿಮೆಯಾಗಿಲ್ಲ.

ಶಾಲೆಯ ಚೀಲಕ್ಕೆ ಇ-ರೀಡರ್ ಹೋಗುವುದಿಲ್ಲ ಎಂಬುದು ನಮ್ಮ ಮನೆಯ ಒಂದೇ ಕಟ್ಟುನಿಟ್ಟು. ಪರದೆಯ ಒಳಪದರ ತೆಳುಗಾಜು. ಟಿಫನ್ ಡಬ್ಬಿಯ ಒಂದು ಒತ್ತಡ ಸಾಕು, ಮೇಲ್ಮೈ ನುಣುಪಾಗಿಯೇ ಇದ್ದು ಒಳಗೆ ಗೆರೆಗಳೇಳುತ್ತವೆ. ಗಟ್ಟಿ ಮುಚ್ಚಳದ ಕವರನ್ನು ಯಂತ್ರದ ಜೊತೆಗೇ ತರಿಸಿದ್ದೆ. ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ರಿಪೇರಿಗೆ ಓಡಾಡುವ ದಾರಿಯಿಲ್ಲ ಎಂಬ ಲೆಕ್ಕ ಹಾಕಿಯೇ ತರಿಸಿಕೊಂಡದ್ದು. ಆದ್ದರಿಂದ ನಿಮ್ಮೂರಿನ ಅಂಗಡಿಯಲ್ಲೇ ಸಿಗುವ ಯಂತ್ರದಲ್ಲಿ ನಿಮ್ಮ ಪರೀಕ್ಷೆಯ ಪುಟ ಸರಿಯಾಗಿ ಮೂಡಿದರೆ ನನ್ನ ಆಯ್ಕೆಯನ್ನು ಮರೆತು ಅದನ್ನೇ ಕೊಳ್ಳಿ. ಪುಟದಲ್ಲಿ ರ‍್ಯಾಂಕ್ ಇರಲಿ. ಉಳಿದದ್ದೆಲ್ಲ ಸರಿಯಿದ್ದರೂ ಅದೊಂದು ಕೈಕೊಡಬಹುದು.